ದಾವಣಿಯ ಊರಿನಲ್ಲಿ ಕುದುರೆಯ ಮೇಲೆ

ಮೂರೂವರೆ ಗಂಟೆಯ ಮೆರವಣಿಗೆಯಲ್ಲಿ ನನ್ನ ಕುದುರೆ ನಡೆದದ್ದು ಹೆಚ್ಚೆಂದರೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಅದು ನಿಂತಿತ್ತು, ನಾನು ಅದರ ಮೇಲೆ ಕುಳಿತಿದ್ದೆ. ಕುದುರೆ ಸವಾರಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ನಾಗಾಲೋಟ, ಗಾಳಿಗೆ ಹಾರುವ ಕೇಸರ, ಹಿಂದೆ ಏಳುವ ಧೂಳು. ಕಳೆದ ನವೆಂಬರಿನ ಒಂದು ಭಾನುವಾರ ದಾವಣಗೆರೆಯ ಬೀದಿಗಳಲ್ಲಿ ಸಾಗಿದ ಸಾಂಸ್ಕೃತಿಕ ಪರಂಪರೆಯ ಮೆರವಣಿಗೆಯಲ್ಲಿ, ಹನ್ನೊಂದು ಕುದುರೆಗಳ ಪೈಕಿ ಏಳನೆಯದರ ಮೇಲೆ, ದುರ್ಗದ ಪಾಳೆಯಗಾರರ ಕಾಲದ ರಾವುತನ ವೇಷ ತೊಟ್ಟು ಕುಳಿತಿದ್ದ ನನಗೆ ಇವುಗಳಲ್ಲಿ ಒಂದೂ ದಕ್ಕಲಿಲ್ಲ. ದಕ್ಕಿದ್ದು ಏನೆಂಬುದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ, ಹೊಟ್ಟೆಪಾಡಿಗೆ ಬಂದು ನೆಲೆಸಿದ್ದು ದಾವಣಗೆರೆಯಲ್ಲಿ. ಎರಡೂ ಊರುಗಳ ನಡುವಿನ ದಾರಿ ಅರವತ್ತು ಕಿಲೋಮೀಟರಿನಷ್ಟು. 1997ರವರೆಗೆ ಎರಡೂ ಒಂದೇ ಜಿಲ್ಲೆಗೆ ಸೇರಿದ್ದವು. ಆದರೂ ಇಪ್ಪತ್ತು ವರ್ಷ ಇಲ್ಲಿಯ ನೀರು ಕುಡಿದ ಮೇಲೂ ನಮ್ಮ ಬೀದಿಯವರಿಗೆ ನಾನು ‘ದುರ್ಗದವರು’. ಮೆರವಣಿಗೆಯ ಸಿದ್ಧತೆಗೆ ಸೇರಿದ್ದ ಸಭೆಯಲ್ಲಿ ಕುದುರೆ ಏರುವವರು ಯಾರು ಎಂಬ ಪ್ರಶ್ನೆ ಬಂದಾಗ, ಹಿಂದಿನ ಸಾಲಿನಲ್ಲಿ ಕುಳಿತು ಮಂಡಕ್ಕಿ ಮೆಲ್ಲುತ್ತಿದ್ದ ನನ್ನ ಕಡೆಗೆ ಯಾರೋ ಕೈ ತೋರಿಸಿ, ‘ದುರ್ಗದವರಿದ್ದಾರಲ್ಲ, ಮೀಸೆಯೂ ಐತಿ’ ಎಂದರು. ಅರ್ಹತೆಯ ವಿಚಾರಣೆ ಅಲ್ಲಿಗೆ ಮುಗಿಯಿತು. ಬಾಲ್ಯದಲ್ಲಿ ಹೊಳಲ್ಕೆರೆ ಕಡೆಯ ಸೋದರಮಾವನ ಊರಿಗೆ ಹೋದಾಗ, ಸಂತೆಗೆ ಸಾಮಾನು ಹೊರುತ್ತಿದ್ದ ತಟ್ಟುಕುದುರೆಯೊಂದರ ಮೇಲೆ ಎರಡು ಮೂರು ಬಾರಿ ಕುಳಿತದ್ದು, ಒಮ್ಮೆ ಅದರಿಂದ ಜಾಲಿಯ ಪೊದೆಗೆ ಬಿದ್ದದ್ದು ಬಿಟ್ಟರೆ ನನಗೂ ಕುದುರೆಗೂ ಸಂಬಂಧವಿರಲಿಲ್ಲ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯಿದೆ. ಮೆರವಣಿಗೆಯಲ್ಲಿ ನಡೆಯಬೇಕಾದವನಿಗೆ ಕುದುರೆ ಸಿಗುತ್ತದೆಂದು ತಿಳಿದಾಗ ನನ್ನ ಮೊಣಕಾಲೂ ತಕ್ಷಣ ನೋಯತೊಡಗಿತೆಂದು ಒಪ್ಪಿಕೊಳ್ಳುತ್ತೇನೆ.

ನಮಗೆ ಸಿಕ್ಕವು ದಂಡಿನ ಕುದುರೆಗಳೇನಲ್ಲ. ವರನನ್ನು ಹೊತ್ತು ಕಲ್ಯಾಣ ಮಂಟಪದ ಬಾಗಿಲಿಗೆ ತಲುಪಿಸುವ, ಬಾಡಿಗೆಗೆ ದೊರೆಯುವ ಮದುವೆಯ ಕುದುರೆಗಳು. ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿರುವ ಪಂಚಕಲ್ಯಾಣಿ ಶುಭವೆಂಬ ನಂಬಿಕೆಯಿರುವುದರಿಂದ ಅಂಥ ಒಂದು ಕುದುರೆಯನ್ನು ಸಮಿತಿಯ ಹಿರಿಯರಿಗೆ ಕಾದಿರಿಸಿದ್ದರು. ನನ್ನ ಪಾಲಿಗೆ ಬಂದ ಮೋತಿ ಎಂಬ ಕಂದು ಹೆಣ್ಣುಕುದುರೆಗೆ ಬಿಳಿ ಇದ್ದದ್ದು ಒಂದೇ ಹಿಂಗಾಲಿಗೆ. ಆದರೆ ಅದರ ಕಿವಿಗಳು ನೋಡುವಂತಿದ್ದವು. ಎರಡೂ ಕಿವಿಗಳ ತುದಿ ಒಳಕ್ಕೆ ಬಾಗಿ, ನೆಟ್ಟಗೆ ನಿಮಿರಿಸಿದಾಗ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬರುತ್ತಿದ್ದವು. ರಾಜಸ್ಥಾನದ ಮಾರವಾಡಿ ತಳಿಗೂ ಗುಜರಾತಿನ ಕಾಠಿಯಾವಾಡಿ ತಳಿಗೂ ಇರುವ ಗುರುತು ಇದು. ಮೋತಿಯ ಹಿರಿಯರಲ್ಲಿ ಯಾರೋ ಆ ಸೀಮೆಯವರಿದ್ದಿರಬೇಕು. ಅದನ್ನು ನೋಡಿಕೊಳ್ಳಲು ಅದರೊಡನೆ ಬಂದ ಕಾಸದಾರರಿಗೆ ಅರವತ್ತು ದಾಟಿದ ವಯಸ್ಸು. ಅವರ ತಂದೆ ಊರಿನ ಹತ್ತಿ ಗಿರಣಿಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ರೈಲು ನಿಲ್ದಾಣದ ಮುಂದೆ ಜಟಕಾ ಹೊಡೆಯುತ್ತಿದ್ದವರು. ಆಟೋರಿಕ್ಷಾ ಬಂದ ಮೇಲೆ ಜಟಕಾ ಹೋಯಿತು, ಕುದುರೆ ಉಳಿಯಿತು, ಮದುವೆಯ ಬಾಡಿಗೆ ಅದರ ಮೇವಿಗೆ ದಾರಿಯಾಯಿತು ಎಂದು ಅವರು ಎರಡೇ ಮಾತಿನಲ್ಲಿ ಮನೆತನದ ಚರಿತ್ರೆ ಹೇಳಿ ಮುಗಿಸಿದರು.

ಮೂರು ಭಾನುವಾರ ಕೊಂಡಜ್ಜಿ ರಸ್ತೆಯ ಬದಿಯ ಖಾಲಿ ಬಯಲೊಂದರಲ್ಲಿ ನಮಗೆ ತರಬೇತಿ ನಡೆಯಿತು. ಮೊದಲ ದಿನ ಅರ್ಧ ಗಂಟೆ ಕಾಸದಾರರು ನನ್ನನ್ನು ಏರಗೊಡಲೇ ಇಲ್ಲ. ಕುದುರೆಯ ಹತ್ತಿರ ಹೇಗೆ ಬರಬೇಕೆಂಬುದೇ ಒಂದು ಪಾಠವಾಗಿತ್ತು. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಅದು ತಲೆ ತಿರುಗಿಸದೆಯೇ ಸುತ್ತಲಿನ ಹೆಚ್ಚುಕಡಿಮೆ ಎಲ್ಲವನ್ನೂ ಕಾಣಬಲ್ಲದು. ಕಾಣದೆ ಉಳಿಯುವುದು ಮೂಗಿನ ನೇರಕ್ಕೆ ತೀರ ಮುಂದಿರುವ ತುಸು ಜಾಗ ಮತ್ತು ಬಾಲದ ಬೆನ್ನಿಗಿರುವ ಜಾಗ ಮಾತ್ರ. ಈ ಎರಡು ಕಡೆಗಳಿಂದ ಬಂದವನು ಅದಕ್ಕೆ ಇದ್ದಕ್ಕಿದ್ದಂತೆ ಗಾಳಿಯಲ್ಲಿ ಮೂಡಿದವನಂತೆ ತೋರುತ್ತಾನೆ. ಆದ್ದರಿಂದ ಭುಜದ ಕಡೆಯಿಂದ, ಮಾತಾಡುತ್ತ ಬರಬೇಕು. ಕಿವಿಗಳನ್ನು ನೋಡುತ್ತಿರಬೇಕು, ಏಕೆಂದರೆ ಅವೆರಡೂ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು, ಕುದುರೆಯ ಗಮನ ಎಲ್ಲಿದೆಯೆಂಬುದನ್ನು ಕಣ್ಣಿಗಿಂತ ಮೊದಲು ಅವೇ ಹೇಳುತ್ತವೆ. ಒಂದು ಕಿವಿ ಮುಂದಕ್ಕೆ, ಇನ್ನೊಂದು ನನ್ನ ಕಡೆಗೆ ಹೊರಳಿದ್ದರೆ ಸಮಾಧಾನ. ಎರಡೂ ಹಿಂದಕ್ಕೆ ಬಾಗಿ ತಲೆಗೆ ಅಂಟಿಕೊಂಡವೆಂದರೆ ಸವಾರನು ತನ್ನ ಮನೆಮಂದಿಯನ್ನು ನೆನೆಯುವುದು ಒಳ್ಳೆಯದು.

ಏರುವುದು ಎಡಗಡೆಯಿಂದ. ಹಿಂದಿನ ರಾವುತರ ಎಡಸೊಂಟದಲ್ಲಿ ಕತ್ತಿ ತೂಗುತ್ತಿದ್ದುದರಿಂದ, ಬಲಗಾಲನ್ನು ಎತ್ತಿ ಆಚೆಗೆ ಹಾಕಲು ಅದೇ ಅನುಕೂಲವಾಗಿತ್ತಂತೆ. ಕತ್ತಿ ಹೋದರೂ ರೂಢಿ ಉಳಿದುಕೊಂಡಿದೆ. ನಮಗೆ ಕೊಟ್ಟದ್ದು ಬೆಳ್ಳಿಯ ಹಾಳೆ ಸುತ್ತಿದ ಮರದ ಕತ್ತಿ. ಮೊದಲ ಸಲ ಏರುವಾಗ ಅದು ನನ್ನ ತೊಡೆಗೂ ಜೀನಿಗೂ ನಡುವೆ ಸಿಕ್ಕಿಕೊಂಡು ಲಟಕ್ಕೆಂದಿತು. ಇನ್ನು ಕಾಲಿಡುವ ರಿಕಾಪಿನಲ್ಲಿ ಪಾದದ ಮುಂಭಾಗ ಮಾತ್ರ ಇರಬೇಕು, ಹಿಮ್ಮಡಿ ಕೆಳಕ್ಕೆ ಇಳಿದಿರಬೇಕು, ಲಗಾಮನ್ನು ಎಳೆದು ಹಿಡಿಯದೆ ಹಸಿ ಮೊಟ್ಟೆ ಹಿಡಿದಂತೆ ಹಿಡಿಯಬೇಕು. ಕಡಿವಾಣದ ಕಬ್ಬಿಣ ಕುಳಿತಿರುವುದು ಅದರ ಬಾಯಿಯ ಹಲ್ಲಿಲ್ಲದ ಎಳೆಯ ಜಾಗದಲ್ಲಿ. ಸವಾರ ಹೆದರಿ ಲಗಾಮು ಜಗ್ಗಿದರೆ ಆ ಹೆದರಿಕೆ ನೇರ ಅದರ ನಾಲಗೆಗೆ ಮುಟ್ಟುತ್ತದೆ. ಇಷ್ಟೆಲ್ಲ ತಿಳಿದುಕೊಂಡ ಮೇಲೆ ಎರಡನೆಯ ಭಾನುವಾರ ನಾನು ಬಯಲಿನಲ್ಲಿ ಎರಡು ಸುತ್ತು ಕುಕ್ಕುಲೋಟ ಓಡಿಸಿ, ಬೆನ್ನುಮೂಳೆಯ ಪ್ರತಿ ಮಣಿಯನ್ನೂ ಎಣಿಸಬಲ್ಲವನಾಗಿ ಹೆಮ್ಮೆಯಿಂದ ಬಂದು ನಿಂತೆ. ಕಾಸದಾರರು ಮೆಚ್ಚಲಿಲ್ಲ.

‘ಓಡೋದು ಅದಕ್ಕೆ ಹುಟ್ತಾನೇ ಬಂದೈತಿ ಸ್ವಾಮಿ, ಅದನ್ನ ನೀವೇನು ಕಲಿಸ್ತೀರಿ. ನಿಲ್ಸಾಕ ಕಲೀರಿ. ಅವತ್ತು ಬೇಕಾಗೋದು ಅದೇ.’

ಮೂರನೆಯ ಭಾನುವಾರವೆಲ್ಲ ನಾವು ನಿಂತೆವು. ಬೆಳಗಿನ ಬಿಸಿಲಿನಲ್ಲಿ, ಒಬ್ಬ ಹುಡುಗ ತಗಡಿನ ಡಬ್ಬಿ ಬಡಿಯುತ್ತ ಸುತ್ತ ಓಡುತ್ತಿರುವಾಗ, ಇನ್ನೊಬ್ಬ ಬಣ್ಣದ ಛತ್ರಿಯನ್ನು ಪಟ್ಟನೆ ಬಿಚ್ಚಿ ಮುಚ್ಚುತ್ತಿರುವಾಗ, ಮೋತಿ ನಿಂತಿತು, ನಾನು ಅದರ ಮೇಲೆ ಉಸಿರು ನಿಧಾನ ಮಾಡಿಕೊಂಡು ಕುಳಿತೆ. ಆಗ ಒಂದು ವಿಷಯವನ್ನು ಗಮನಿಸಿದೆ. ಸುತ್ತಲೂ ಭಯವಿಲ್ಲವೆಂದು ಖಾತ್ರಿಯಾದ ಮೇಲೆ ಕುದುರೆ ತನ್ನ ಒಂದು ಹಿಂಗಾಲನ್ನು ಸಡಿಲಿಸಿ, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ಊರಿ, ಸೊಂಟವನ್ನು ಒಂದು ಕಡೆಗೆ ವಾಲಿಸುತ್ತದೆ. ಇನ್ನೊಂದು ಹಿಂಗಾಲಿನ ಮಂಡಿ ಬೀಗ ಹಾಕಿದಂತೆ ಬಿಗಿದುಕೊಂಡು ಭಾರ ಹೊರುತ್ತದೆ; ಸ್ನಾಯುಗಳಿಗೆ ಹೆಚ್ಚು ದಣಿವಿಲ್ಲದೆ ನಿಂತೇ ತೂಕಡಿಸುವ ಈ ವ್ಯವಸ್ಥೆ ಅದರ ಎಲುಬು ಮತ್ತು ಕಟ್ಟುನರಗಳಲ್ಲಿಯೇ ಇದೆ. ಹೊಂಚುಹಾಕುವ ಮೃಗಗಳಿಗೆ ಆಹಾರವಾಗುವ ಪ್ರಾಣಿ ಮಲಗಿದರೆ ಏಳುವಷ್ಟರಲ್ಲಿ ಹೊತ್ತು ಮೀರುತ್ತದೆ. ಅಂಥ ಪ್ರಾಣಿ ನನ್ನನ್ನು ಬೆನ್ನ ಮೇಲೆ ಇಟ್ಟುಕೊಂಡು ಹಿಂಗಾಲು ಸಡಿಲಿಸಿದಾಗ, ಜೀನು ಒಂದು ಕಡೆಗೆ ಕುಸಿದು ನಾನು ಗಾಬರಿಗೊಂಡೆ. ಕಾಸದಾರರು ನಕ್ಕು, ‘ನಿಮ್ಮನ್ನ ಒಪ್ಕಂತು ಬಿಡ್ರಿ’ ಎಂದರು.

ಕುದುರೆಯನ್ನು ನಿಲ್ಲಿಸುವ, ಕಟ್ಟುವ ಮಾತು ಬಂದಾಗಲೆಲ್ಲ ನನಗೆ ಈ ಊರಿನ ಹೆಸರೇ ನೆನಪಾಗುತ್ತಿತ್ತು. ದಾವಣಿ ಎಂದರೆ ದನಗಳನ್ನೋ ಕುದುರೆಗಳನ್ನೋ ಸಾಲಾಗಿ ಕಟ್ಟುವ ಹಗ್ಗ. ದುರ್ಗದ ದಂಡಿನವರು ಕುದುರೆಗಳನ್ನು ದಾವಣಿ ಹಾಕಿ ಕಟ್ಟಿ ನೀರು ಕುಡಿಸುತ್ತಿದ್ದ ಕೆರೆಯಿಂದ ದಾವಣಗೆರೆ ಎಂಬ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ದಣಿದವರು ನೀರು ಕುಡಿದ ದಣಿವಿನ ಕೆರೆಯೇ ದಾವಣಗೆರೆ ಆಯಿತೆನ್ನುವವರೂ ಇದ್ದಾರೆ. ಎರಡೂ ಜನರ ಬಾಯಲ್ಲಿ ಬೆಳೆದ ಮಾತುಗಳು. ಹೈದರಾಲಿಯು ಈ ಊರನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟದ್ದು, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದು, ಪೇಟೆ ಬೆಳೆದದ್ದು ಮಾತ್ರ ದಾಖಲಾದ ಸಂಗತಿ. ಭಾಷೆಯ ವಿದ್ವಾಂಸರು ಏನೇ ಹೇಳಲಿ, ನನಗೆ ಮೊದಲನೆಯ ವ್ಯುತ್ಪತ್ತಿಯೇ ಇಷ್ಟ. ದಂಡು ಮುಂದೆ ಹೋದ ಮೇಲೆಯೂ ಅದರ ಹಗ್ಗದ ಹೆಸರನ್ನು ಊರು ಇಟ್ಟುಕೊಂಡಿದೆಯಲ್ಲ.

ದುರ್ಗದವರಿಗೆ ಇನ್ನೊಂದು ಕಥೆ ಗೊತ್ತು. ದುರ್ಗದ ನಾಯಕರ ಆಳ್ವಿಕೆ 1568ರಲ್ಲಿ ಆರಂಭವಾದದ್ದು ಮತ್ತಿ ತಿಮ್ಮಣ್ಣ ನಾಯಕನಿಂದ. ಅವನ ಹೆಸರಿನ ಹಿಂದಿರುವ ಮತ್ತಿ ದಾವಣಗೆರೆ ಸೀಮೆಯ ಊರು. ವಿಜಯನಗರದ ದಂಡು ಬಂದು ಬೀಡುಬಿಟ್ಟಿದ್ದಾಗ ತಿಮ್ಮಣ್ಣ ನಾಯಕನು ಅರಸುಮಗನ ಕುದುರೆಯನ್ನೇ ಕದಿಯಲು ರಾತ್ರಿ ಡೇರೆಯ ಬಳಿಗೆ ನುಸುಳಿದನಂತೆ. ಸಪ್ಪಳಕ್ಕೆ ಕಾಸದಾರ ಎಚ್ಚೆತ್ತ. ನಾಯಕನು ಅಲ್ಲೇ ಹರಡಿದ್ದ ಹುಲ್ಲಿನೊಳಗೆ ಅಡಗಿ ಮಲಗಿದ. ಕುದುರೆ ಕಟ್ಟುವ ಗೂಟ ಸಡಿಲಗೊಂಡಿರಬೇಕೆಂದು ಬಗೆದ ಕಾಸದಾರ ಕತ್ತಲಲ್ಲಿ ಅದನ್ನು ಹೊಡೆದು ಭದ್ರ ಮಾಡಿದಾಗ ಗೂಟವು ಹುಲ್ಲಿನಡಿಯಲ್ಲಿದ್ದ ನಾಯಕನ ಅಂಗೈಯನ್ನು ತೂರಿ ನೆಲಕ್ಕೆ ಇಳಿಯಿತು. ಅವನು ಉಸಿರೆತ್ತಲಿಲ್ಲ. ಎಲ್ಲವೂ ನಿಶ್ಶಬ್ದವಾದ ಮೇಲೆ ಇನ್ನೊಂದು ಕೈಯಿಂದ ಆ ಕೈಯನ್ನು ತಾನೇ ಕಡಿದುಕೊಂಡು, ಕುದುರೆ ಏರಿ ಹೊರಟುಹೋದ. ಬಾಲ್ಯದಲ್ಲಿ ಈ ಕಥೆ ಕೇಳಿದಾಗ ನಮಗೆ ರೋಮಾಂಚನ ತರುತ್ತಿದ್ದದ್ದು ಕಡಿದುಕೊಂಡ ಕೈ. ಈಗ ನನ್ನನ್ನು ಕಾಡುವುದು ಗೂಟ ಇಳಿದ ಮೇಲೆ, ಕಾಸದಾರ ಮತ್ತೆ ನಿದ್ದೆಹೋಗುವವರೆಗೆ, ಅವನು ಅಲುಗದೆ ಮಲಗಿದ್ದ ಹೊತ್ತು.

ಒಂದು ಕುದುರೆಗಾಗಿ ಕೈ ಕಳೆದುಕೊಳ್ಳುವುದು ಅತಿಯಾಯಿತೆಂದು ಇಂದಿನ ಓದುಗರಿಗೆ ಅನ್ನಿಸಬಹುದು. ದಖ್ಖನಿನ ಹವೆಯಲ್ಲಿ ದಂಡಿಗೆ ಬೇಕಾದಂಥ ಎತ್ತರದ ಕುದುರೆಗಳು ಸಲೀಸಾಗಿ ಬೆಳೆಯುತ್ತಿರಲಿಲ್ಲ. ವಿಜಯನಗರದ ಅರಸರು ಅರಬ್ ಮತ್ತು ಪಾರಸಿ ಕುದುರೆಗಳನ್ನು ಹಡಗಿನಲ್ಲಿ ಗೋವೆ, ಭಟ್ಕಳ, ಹೊನ್ನಾವರದಂಥ ಬಂದರುಗಳಿಗೆ ತರಿಸಿಕೊಂಡು, ಅಲ್ಲಿಂದ ಘಟ್ಟ ಹತ್ತಿಸಿ ಹಂಪೆಗೆ ಸಾಗಿಸಬೇಕಾಗಿತ್ತು. ಸಮುದ್ರದಲ್ಲಿ ಸತ್ತವು, ಘಟ್ಟದಲ್ಲಿ ಸೊರಗಿದವು ಕಳೆದು ಉಳಿದ ಕುದುರೆಯ ಬೆಲೆ ಎಷ್ಟಿರಬೇಡ! 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಈ ವ್ಯಾಪಾರದ ಗಂಟಲೇ ಅವರ ಕೈಗೆ ಸಿಕ್ಕಿತು. ಹೊರಗಿನವರನ್ನು ನಂಬಿ ಕೂರಲಾಗದೆ ಮೈಸೂರಿನವರು ತಾವೇ ಕುದುರೆ ಬೆಳೆಸಲು ತೊಡಗಿದರು. ಟಿಪ್ಪುವಿನ ದಂಡಿಗೆ ಕುದುರೆ ಒದಗಿಸಿದ ಕುಣಿಗಲ್ಲಿನ ಫಾರಂ ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ನಮ್ಮ ದುರ್ಗದ ಕೋಟೆಯೂ ಕುದುರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದು. ಏಳು ಸುತ್ತಿನ ಆ ಕೋಟೆಯ ಬಾಗಿಲುಗಳಲ್ಲಿ ದಾರಿ ಎಲ್ಲಿಯೂ ನೇರವಾಗಿಲ್ಲ. ನುಗ್ಗಿ ಬರುವ ಕುದುರೆಯೂ ಆನೆಯೂ ತಿರುವಿನಲ್ಲಿ ವೇಗ ಕಳೆದುಕೊಂಡು ನಿಲ್ಲಲೇಬೇಕು, ನಿಂತರೆ ಮೇಲಿನವರ ಗುರಿಗೆ ಸಿಗಲೇಬೇಕು.

ಮೆರವಣಿಗೆಯ ದಿನ ಬೆಳಗ್ಗೆ ಎಂಟಕ್ಕೆ ಹೈಸ್ಕೂಲ್ ಮೈದಾನದಲ್ಲಿ ಸೇರಿದೆವು. ಹತ್ತಕ್ಕೆ ಹೊರಡಬೇಕಾದದ್ದು ಹನ್ನೊಂದೂವರೆಗೆ ಹೊರಟಿತು, ಅದರಲ್ಲಿ ವಿಶೇಷವೇನೂ ಇಲ್ಲ. ಡೊಳ್ಳಿನವರು, ವೀರಗಾಸೆಯವರು, ನಂದಿಕೋಲು, ಸಮಾಳ, ಪೂರ್ಣಕುಂಭ ಹೊತ್ತ ಹೆಂಗಸರು, ಶಾಲೆಯ ಮಕ್ಕಳು, ಟ್ರ್ಯಾಕ್ಟರಿನ ಮೇಲೆ ಕಟ್ಟಿದ ಥರ್ಮೋಕೋಲಿನ ಕೋಟೆ. ಕುದುರೆಗಳ ಸಾಲಿನಲ್ಲಿ ಕಿತ್ತೂರಿನ ಚೆನ್ನಮ್ಮ ಇದ್ದರು, ಕೆಂಪೇಗೌಡರಿದ್ದರು, ಮದಕರಿ ನಾಯಕನಿದ್ದ. ನನಗೆ ತಕರಾರು ಬಂದದ್ದು ನನ್ನ ಹಿಂದಿನ ಕುದುರೆಯ ಬಗ್ಗೆ. ಅದರ ಮೇಲೆ ಹತ್ತೊಂಬತ್ತರ ಹುಡುಗಿಯೊಬ್ಬಳು ಕಚ್ಚೆ ಹಾಕಿದ ಸೀರೆಯುಟ್ಟು, ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಒನಕೆ ಹಿಡಿದು ಕುಳಿತಿದ್ದಳು. ಓಬವ್ವ! ಕೋಟೆಯ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕುಳಿತಾಗ ನೀರಿಗೆ ಹೋದವಳು ಕಿಂಡಿಯಲ್ಲಿ ಹೈದರನ ಸೈನಿಕರ ಸದ್ದು ಕೇಳಿ, ಒನಕೆ ತಂದು, ಒಬ್ಬೊಬ್ಬರಾಗಿ ತಲೆ ತೂರಿಸಿದವರನ್ನು ಬಡಿದು ಹಾಕಿದವಳು. ಅವಳು ಕುದುರೆ ಏರಿದ್ದೆಲ್ಲಿ? ಆ ಕಿಂಡಿಯನ್ನು ಕಂಡವರಿಗೆ ಗೊತ್ತು, ಅದರಲ್ಲಿ ಮನುಷ್ಯನೇ ಬಗ್ಗಿ ನುಸುಳಬೇಕು. ಅವಳ ಶೌರ್ಯವೆಲ್ಲ ಒಂದೇ ಜಾಗದಲ್ಲಿ, ಬಂಡೆಯ ಪಕ್ಕ, ಕಾಲು ಕೀಳದೆ ನಿಂತದ್ದರಲ್ಲಿದೆ. ನಾನು ಇದನ್ನು ವ್ಯವಸ್ಥೆಯ ಹೊಣೆ ಹೊತ್ತವರೊಬ್ಬರಿಗೆ ಹೇಳಿದೆ. ಅವರು, ‘ನೆಲದ ಮ್ಯಾಲೆ ನಿಂತ್ರೆ ಓಬವ್ವ ಯಾರಿಗೆ ಕಾಣ್ತಾಳ ಸಾರ್’ ಎಂದರು. ಅವರ ಮಾತಿನಲ್ಲಿಯೂ ಸತ್ಯವಿತ್ತೆಂಬುದು ನನಗೆ ಇನ್ನಷ್ಟು ಬೇಸರ ತಂದಿತು. ಹುಡುಗಿ ಮಾತ್ರ ಜಾಣೆ. ಗಾಂಧಿ ವೃತ್ತ ತಲುಪುವಷ್ಟರಲ್ಲಿ ಒನಕೆಯನ್ನು ಜೀನಿಗೆ ಅಡ್ಡಲಾಗಿ ಕಟ್ಟಿಸಿಕೊಂಡು ಎರಡೂ ಕೈಯಿಂದ ಲಗಾಮು ಹಿಡಿದಿದ್ದಳು.

ಪಿ.ಬಿ. ರಸ್ತೆಗೆ ಬಂದೊಡನೆ ಮೊದಲ ಅಡ್ಡಿ ಎದುರಾಯಿತು, ಅದು ನೆಲದ ಮೇಲೇ ಇತ್ತು. ಜನ ದಾಟಲೆಂದು ಬಳಿದ ಬಿಳಿಯ ಪಟ್ಟೆಗಳ ಮುಂದೆ ಮೋತಿ ಗಕ್ಕನೆ ನಿಂತು, ತಲೆ ತಗ್ಗಿಸಿ, ಮೂಗಿನಿಂದ ಬುಸ್ಸೆಂದಿತು. ನಮಗೆ ಬಣ್ಣವೆಂದು ಕಾಣುವುದು ಅದಕ್ಕೆ ಹಳ್ಳವಾಗಿ ಕಂಡಿರಬಹುದು. ಮೇಲಾಗಿ ಅದರ ಅಂಜಿಕೆ ತಪ್ಪೂ ಅಲ್ಲ. ಡಾಂಬರಿನ ಮೇಲೆ ಕಬ್ಬಿಣದ ಲಾಳ ಮೊದಲೇ ಜಾರುತ್ತದೆ, ನುಣುಪಾದ ಬಣ್ಣದ ಮೇಲೆ ಕೇಳುವುದೇ ಬೇಡ. ನಾನು ಹಿಮ್ಮಡಿ ಒತ್ತಲು ಹೋದಾಗ ಕಾಸದಾರರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಬಿಳಿಯ ಪಟ್ಟೆಯ ಮೇಲೆ ಹಾಸಿ, ಅದರ ಮೇಲೆ ತಾವೇ ನಿಂತು, ಚಪ್ಪಲಿಯಿಂದ ಎರಡು ಸಲ ತಟ್ಟಿ ತೋರಿಸಿದರು. ಮೋತಿ ಟವೆಲ್ಲನ್ನು ಮೂಸಿತು. ಒಂದು ಕಾಲಿಟ್ಟಿತು. ಲಾಳದ ಸದ್ದು ಬಟ್ಟೆಯ ಮೇಲೆ ಮೆತ್ತಗೆ ಕೇಳಿಸಿತು. ಆಮೇಲೆ ಉಳಿದ ಪಟ್ಟೆಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳದೆ ದಾಟಿತು. ರಸ್ತೆಯ ಬದಿಯಲ್ಲಿ ಮೊಬೈಲ್ ಹಿಡಿದು ನಿಂತಿದ್ದವರೆಲ್ಲ ಚಿತ್ರ ತೆಗೆದದ್ದು ನನ್ನ ಪೇಟದ ತುರಾಯಿಯನ್ನು. ನೆಲದ ಮೇಲೆ ಬಿದ್ದಿದ್ದ ಟವೆಲ್ಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ ಮನುಷ್ಯನು ಬಹುಶಃ ಒಂದು ಚಿತ್ರದಲ್ಲಿಯೂ ಇರಲಾರ.

ಎರಡನೆಯ ಅಡ್ಡಿ ನಗು ತರಿಸುವಂಥದ್ದು. ನಮ್ಮ ಸಾಲಿನ ಮುಂದೆ ಕೀಲುಕುದುರೆಯ ತಂಡವಿತ್ತು. ಬಿದಿರಿನ ಚೌಕಟ್ಟಿಗೆ ಬಟ್ಟೆ ಹೊದಿಸಿ ಮಾಡಿದ ಕುದುರೆಯನ್ನು ಕುಣಿಯುವವನು ಹೆಗಲಿಗೆ ತೂಗಿಹಾಕಿಕೊಂಡು, ತಾನೇ ರಾಜನೂ ತಾನೇ ಕುದುರೆಯೂ ಆಗಿ ಕುಣಿಯುವ ಕಲೆ ಅದು. ಮೆರವಣಿಗೆ ನಿಂತಾಗಲೆಲ್ಲ ಕೀಲುಕುದುರೆಯವರಿಗೆ ಹುಮ್ಮಸ್ಸು. ಹಲಗೆಯ ಪೆಟ್ಟಿಗೆ ಸರಿಯಾಗಿ ಗಿರಕಿ ಹೊಡೆಯುತ್ತ, ಹಿಂದೆ ಮುಂದೆ ನುಗ್ಗುತ್ತ, ಒಮ್ಮೆ ಒಬ್ಬಾತ ಹಿಮ್ಮುಖವಾಗಿ ಬಂದು ಮೋತಿಯ ಮೂಗಿನ ಎದುರಿಗೇ ತಿರುಗಿದ. ಡೊಳ್ಳಿಗೆ, ಡಿಜೆಗೆ, ಪಟಾಕಿಗೆ ಜಗ್ಗದ ಮದುವೆಯ ಕುದುರೆ ಈ ಸುಳ್ಳು ಕುದುರೆಗೆ ಬೆಚ್ಚಿತು. ನಾಲ್ಕೂ ಕಾಲು ಬಿಗಿದು, ಬಾಗಿದ ಆ ಕಿವಿಗಳನ್ನು ಒಂದಕ್ಕೊಂದು ತಾಗಿಸಿ, ಬಣ್ಣದ ಕನ್ನಡಿ ಹಚ್ಚಿದ ಕಣ್ಣುಗಳನ್ನೂ ಉಣ್ಣೆಯ ಬಾಲವನ್ನೂ ನೋಡಿತು. ತನ್ನ ಜಾತಿಯದೆಂದು ಆಕಾರ ಹೇಳುತ್ತಿದೆ, ಅಲ್ಲವೆಂದು ವಾಸನೆ ಹೇಳುತ್ತಿದೆ. ಎರಡು ಕಾಲು ಮಾತ್ರ ಇದೆ, ಅದಕ್ಕೆ ಗೆಜ್ಜೆ ಕಟ್ಟಿದೆ. ಕುಣಿಯುತ್ತಿದ್ದಾತನಿಗೂ ಭಯವಾಯಿತು. ಆತ ಕುಣಿತ ನಿಲ್ಲಿಸಿ, ಬೆವರಿಳಿಯುತ್ತಿದ್ದ ಮುಖದಿಂದ ನಿಜವಾದ ಕುದುರೆಯನ್ನು ನೋಡಿ, ತನ್ನ ಬಿದಿರಿನ ಕುದುರೆಯ ತಲೆಯನ್ನು ಬಗ್ಗಿಸಿ ಒಂದು ನಮಸ್ಕಾರ ಮಾಡಿಸಿದ. ಜನ ಹೋ ಎಂದರು. ಮೋತಿ ದೀರ್ಘವಾಗಿ ಉಸಿರು ಬಿಟ್ಟಿತು. ಆ ಉಸಿರು ನನ್ನ ತೊಡೆಗಳ ನಡುವೆ ಹಾದುಹೋದದ್ದು ನನಗೆ ತಿಳಿಯಿತು.

ಮೈಸೂರಿನಲ್ಲಿ ದಸರೆಗೆ ಮುನ್ನ ಆನೆಗಳನ್ನೂ ಪೊಲೀಸ್ ಅಶ್ವದಳದ ಕುದುರೆಗಳನ್ನೂ ಒಟ್ಟಿಗೆ ನಿಲ್ಲಿಸಿ, ಫಿರಂಗಿ ಹಾರಿಸಿ, ಸದ್ದಿಗೆ ಒಗ್ಗಿಸುತ್ತಾರೆ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುವಾಗ ಅವು ಅಲುಗದಿರುವುದಕ್ಕೆ ಕಾರಣ ಆ ತಾಲೀಮು. ನಮ್ಮಲ್ಲಿ ತಾಲೀಮೆಂದರೆ ತಗಡಿನ ಡಬ್ಬಿ ಮತ್ತು ಛತ್ರಿ. ಆದ್ದರಿಂದ ಮುಂದಿನ ವೃತ್ತವೊಂದರಲ್ಲಿ, ಯಾರಿಗೂ ಹೇಳದೆ ಕೇಳದೆ, ಜೆಸಿಬಿಯ ಬಕೆಟ್ಟನ್ನು ಮೇಲಕ್ಕೆತ್ತಿ ಅದರಿಂದ ಕುದುರೆಗಳ ತಲೆಯ ಮೇಲೆ ಚೆಂಡುಹೂವಿನ ಎಸಳು ಸುರಿಯುವ ಏರ್ಪಾಟು ಮಾಡಿದ್ದವರ ಮೇಲೆ ನನಗಿನ್ನೂ ಸಿಟ್ಟಿದೆ. ಮೇಲಿಂದ ಬೀಳುವುದೆಂದರೆ ಕುದುರೆಯ ರಕ್ತದಲ್ಲಿ ಒಂದೇ ಅರ್ಥ, ಮರದಿಂದ ಹಾರುವ ಚಿರತೆ. ಮುಂದಿನಿಂದ ನಾಲ್ಕನೆಯ ಕುದುರೆ ಮುಂಗಾಲೆತ್ತಿತು. ಅದರ ಮೇಲಿದ್ದ ಯುವಕ ಕೇಸರಕ್ಕೆ ಜೋತುಬಿದ್ದು ಹೇಗೋ ಉಳಿದುಕೊಂಡ, ಅವನ ಕಿರೀಟ ಬಿದ್ದು ಉರುಳಿಹೋಯಿತು. ಅದೇ ಗಳಿಗೆಗೆ ನಿಲ್ದಾಣದ ಕಡೆಯಿಂದ ರೈಲೊಂದು ಉದ್ದಕ್ಕೆ ಕೂಗಿತು. ಗಾಬರಿ ಸಾಲಿನುದ್ದಕ್ಕೂ ಹಿಂದಕ್ಕೆ ಹರಿದು ಬರುವುದನ್ನು ನಾನು ಕಿವಿಗಳಲ್ಲೇ ಕಂಡೆ. ಐದನೆಯದರ ಕಿವಿ, ಆರನೆಯದರ ಕಿವಿ, ಮೋತಿಯ ಕಿವಿ. ನನ್ನ ಕೈಗಳು ಲಗಾಮನ್ನು ಜಗ್ಗಲು ಹವಣಿಸುತ್ತಿದ್ದವು. ನಾನು ಮಾಡಿದ್ದು ಒಂದೇ, ಜಗ್ಗದೆ ಉಳಿದದ್ದು. ಕಾಸದಾರರು ಅದರ ಕೆನ್ನೆಗೆ ಕೆನ್ನೆ ಕೊಟ್ಟು, ನಮಗಾರಿಗೂ ಕೇಳದ ದನಿಯಲ್ಲಿ ಏನನ್ನೋ ಹೇಳುತ್ತಲೇ ಇದ್ದರು. ಹೂವಿನ ಎಸಳುಗಳು ನಮ್ಮ ಮೇಲೂ ಬಿದ್ದವು. ಮೋತಿಯ ಹೆಗಲಿನ ಚರ್ಮ ನೊಣ ಕೂತಾಗ ನಡುಗುವಂತೆ ಒಮ್ಮೆ ನಡುಗಿತು, ಅದು ನಿಂತಲ್ಲಿಯೇ ನಿಂತಿತ್ತು.

ಹಳೆಯ ಊರಿನೊಳಗೆ ಬಂದ ಮೇಲೆ ಎಲ್ಲವೂ ಬೇರೆಯಾಯಿತು. ಮಂಡಿಪೇಟೆಯ, ಚೌಕಿಪೇಟೆಯ ಬೀದಿಗಳು ಇಕ್ಕಟ್ಟು, ಅಂಗಡಿಗಳ ಮೆಟ್ಟಿಲುಗಳ ಮೇಲೆಯೇ ಜನ ನಿಂತಿದ್ದರು; ಕುದುರೆಯ ಮೇಲೆ ಕುಳಿತ ನನ್ನ ಕಣ್ಣು ಮೊದಲ ಮಹಡಿಯ ಕಿಟಕಿಗಳಿಗೆ ಸರಿಸಮವಾಗಿತ್ತು. ಇಪ್ಪತ್ತು ವರ್ಷ ನಡೆದಾಡಿದ ಬೀದಿಯಲ್ಲಿ ಆ ಎತ್ತರದಲ್ಲಿ ಇಷ್ಟೊಂದು ಹಳೆಯ ಮರದ ಕೆತ್ತನೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಬೆಣ್ಣೆ ದೋಸೆಯ ಕಾವಲಿಯಿಂದ ಏಳುವ ಹೊಗೆ ನೇರ ಮೂಗಿಗೆ ಬರುತ್ತಿತ್ತು, ಬೆಳಗಿನಿಂದ ಏನೂ ತಿನ್ನದ ರಾವುತನ ಹೊಟ್ಟೆ ಕೂಗುತ್ತಿತ್ತು. ಮುಂದೆ ಏನೋ ಅಡ್ಡವಾಗಿ ಮೆರವಣಿಗೆ ಅಲ್ಲಿ ಮುಕ್ಕಾಲು ಗಂಟೆ ನಿಂತಿತು. ಮೋತಿ ಹಿಂಗಾಲು ಸಡಿಲಿಸಿತು. ಕಿರಾಣಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅಜ್ಜಿಯೊಬ್ಬರು ಮೊಮ್ಮಗನ ಕೈಗೆ ಒಂದು ಉಂಡೆ ಬೆಲ್ಲ ಕೊಟ್ಟು ಕಳಿಸಿದರು. ಅಂಗೈ ಚಪ್ಪಟೆ ಮಾಡಿ, ಹೆಬ್ಬೆರಳು ಮಡಚಿ ಕೊಡಬೇಕೆಂದು ಕಾಸದಾರರು ಹುಡುಗನಿಗೆ ಕಲಿಸಿದರು. ಮೋತಿಯ ಮೇಲ್ದುಟಿ ಅವನ ಅಂಗೈಯ ಮೇಲೆ ಬೆರಳಿನಂತೆ ಆಡಿ ಬೆಲ್ಲವನ್ನು ಎತ್ತಿಕೊಂಡಿತು. ಹುಡುಗ ಕೈ ಒರೆಸಿಕೊಳ್ಳದೆ ಹಾಗೇ ಮುಂದಕ್ಕೆ ಚಾಚಿಕೊಂಡು ಅಜ್ಜಿಯ ಬಳಿಗೆ ಹೋಗಿ ತೋರಿಸಿದ.

ಮೂರು ಗಂಟೆ ದಾಟಿದ ಮೇಲೆ ಇಳಿಯುವ ಜಾಗ ಬಂತು. ಇಳಿದೆನೆನ್ನುವುದಕ್ಕಿಂತ ಜಾರಿದೆ, ಮೊಣಕಾಲುಗಳು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ವೇಷದವರಿಗೆ ಊಟದ ಪೊಟ್ಟಣಗಳು ಬಂದವು. ಕುದುರೆಗಳ ನೀರಿನ ಟ್ಯಾಂಕರು ಬರಬೇಕಾದದ್ದು ಬಂದಿರಲಿಲ್ಲ. ದಿನಕ್ಕೆ ಮೂವತ್ತು ಲೀಟರಿನಷ್ಟು ನೀರು ಬೇಕಾದ ಪ್ರಾಣಿಗಳು ಹನ್ನೊಂದು ಇದ್ದವು. ಅಕ್ಕಪಕ್ಕದ ಮನೆಯವರು ಕೊಡಗಳಲ್ಲಿ, ಬಕೆಟ್ಟುಗಳಲ್ಲಿ ನೀರು ತಂದುಕೊಟ್ಟರು. ಕಾಸದಾರರು ಮೊದಲು ಜೀನು ಬಿಗಿಯುವ ಪಟ್ಟಿಯಾದ ತಂಗನ್ನು ಸಡಿಲಿಸಿ, ಬೆನ್ನು ಆರುವವರೆಗೆ ಜೀನನ್ನು ಕೀಳದೆ, ಸ್ವಲ್ಪ ಸ್ವಲ್ಪವೇ ನೀರು ಕುಡಿಸಿ, ಆಮೇಲೆ ರಾತ್ರಿಯೇ ನೆನೆಹಾಕಿ ತಂದಿದ್ದ ಹುರುಳಿಯ ಚೀಲ ಬಿಚ್ಚಿದರು. ಕುದುರೆ ವಾಂತಿ ಮಾಡಲಾರದ ಪ್ರಾಣಿ; ಅವಸರದಲ್ಲಿ ತಿಂದದ್ದು ಹೊಟ್ಟೆಯಲ್ಲಿ ಉಬ್ಬಿದರೆ ಪ್ರಾಣಕ್ಕೇ ಬರುತ್ತದೆ ಎಂದು ಅವರು ಹೇಳುತ್ತಿದ್ದಾಗ, ನಾನು ಪೊಟ್ಟಣದ ಚಿತ್ರಾನ್ನವನ್ನು ಎರಡೇ ತುತ್ತಿಗೆ ಮುಗಿಸಿಬಿಟ್ಟಿದ್ದೆ.

ಬಯಲಿನ ಅಂಚಿನಲ್ಲಿ ಕುದುರೆಗಳನ್ನು ಸಾಲಾಗಿ ಕಟ್ಟತೊಡಗಿದರು. ಉದ್ದನೆಯ ಒಂದು ಹಗ್ಗ, ಅದರ ಎರಡು ತುದಿಗೆ ಎರಡು ಗೂಟ, ನಡುವೆ ಕುಣಿಕೆಗಳು. ಇದನ್ನೇ ದಾವಣಿ ಎನ್ನುವುದೇ ಎಂದು ಕೇಳಿದೆ. ಮತ್ತೇನಂತಾರೆ ಎನ್ನುವಂತೆ ಕಾಸದಾರರು ನನ್ನನ್ನು ನೋಡಿದರು. ಏನಾದರೂ ಸಹಾಯ ಮಾಡೋಣವೆಂದು, ಪೇಟದ ತುರಾಯಿ ಕಣ್ಣಿಗೆ ಬೀಳುತ್ತಿದ್ದಂತೆಯೇ ಮಂಡಿಯೂರಿ ಕುಳಿತು, ಗೂಟವನ್ನು ನೆಟ್ಟಗೆ ಹಿಡಿದುಕೊಂಡು, ಇನ್ನೊಂದು ಅಂಗೈಯನ್ನು ಅದರ ಬುಡದ ಹುಲ್ಲಿನ ಮೇಲೆ ಊರಿದೆ. ಮೋತಿ ನನ್ನ ಬೆನ್ನ ಹಿಂದೆ ಹುರುಳಿ ಅಗಿಯುವ ಸದ್ದು ಕೇಳುತ್ತಿತ್ತು. ಕಾಸದಾರರು ಕೊಡತಿಯನ್ನು ಎತ್ತಿದವರು ಅದನ್ನು ಗಾಳಿಯಲ್ಲೇ ತಡೆದು ಹೇಳಿದರು.

‘ಕೈ ತೆಗೀರಿ ಸ್ವಾಮಿ. ಗೂಟ ಹೊಡೀಬೇಕು.’